ಕಿಟ್ಟನ ಮೊಣಕಾಲು

ನಮ್ಮ ಫ್ರೀಜರಿನ ಮೇಲಿನ ಅರೆಯಲ್ಲಿ ಒಂದು ಬಟಾಣಿ ಚೀಲವಿದೆ. ಅದು ತಿನ್ನುವುದಕ್ಕಲ್ಲ. ಅಡುಗೆಮನೆಗೆ ಯಾರೇ ಸಹಾಯಕ್ಕೆ ಬರಲಿ, ಈಗೀಗ ನಾನು ಮೊದಲು ಹೇಳುವ ಮಾತು ಇದೇ. ಹಿಂದೆ ಹೇಳುತ್ತಿರಲಿಲ್ಲ. ಒಂದು ಯುಗಾದಿಗೆ ಮಾರ್ಗನ್ ಹಿಲ್‌ನಿಂದ ಬಂದ ಗೆಳತಿಯೊಬ್ಬಳು, "ನೀವು ಸುಮ್ನೆ ಕೂತ್ಕೊಳ್ರೀ, ಪಲಾವ್ ನಂಗೆ ಬಿಡಿ" ಎಂದು ಸೆರಗು ಸಿಕ್ಕಿಸಿ ಒಳಹೊಕ್ಕವಳು ಕಣ್ಣಿಗೆ ಬಿದ್ದ ಆ ಚೀಲವನ್ನು ಕತ್ತರಿಸಿ ಕುಕ್ಕರಿಗೆ ಸುರಿದೇಬಿಟ್ಟಳು. ಊಟಕ್ಕೆ ಕೂತಾಗ ನನ್ನ ಮಗಳು ಮೇಧಾ ತಟ್ಟೆಯನ್ನೇ ದಿಟ್ಟಿಸಿ ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಅಮ್ಮಾ, ಇದು ನನ್ನ ನೀ ಬಟಾಣಿ" ಅಂದಳು. ನೀ ಎಂದರೆ ಮೊಣಕಾಲು. ಆ ಬಟಾಣಿ ಎಷ್ಟು ಸಲ ಕರಗಿ, ಎಷ್ಟು ಸಲ ಮತ್ತೆ ಕಲ್ಲಾಗಿ, ಎಷ್ಟು ಸಲ ಅವಳ ಮೊಣಕಾಲಿನ ಮೇಲೆ ಕೂತು ಎದ್ದು ಬಂದಿತ್ತೋ ದೇವರೇ ಬಲ್ಲ. ಅತಿಥಿಗಳೆಲ್ಲ ಪಲಾವು ಬಹಳ ಚೆನ್ನಾಗಿದೆ ಎಂದು ಎರಡೆರಡು ಸಲ ಹಾಕಿಸಿಕೊಂಡರು. ಬಡಿಸಿದವಳು ನಾನೇ.

ನಗಬೇಡಿ. ಊದಿದ ಮೊಣಕಾಲಿಗೆ ಬಟಾಣಿ ಚೀಲದಷ್ಟು ಹಿತವಾದದ್ದು ಬೇರೆ ಇಲ್ಲ. ಅಂಗಡಿಯಲ್ಲಿ ಸಿಗುವ ಐಸ್ ಪ್ಯಾಕು ಹಲಗೆಯ ಹಾಗೆ ಬಿರುಸಾಗಿ ಮೇಲೆ ಕೂರುತ್ತದೆ. ಬಟಾಣಿಯಾದರೆ ಕಾಲಿನ ಉಬ್ಬುತಗ್ಗಿಗೆ ತಾನೇ ಹೊಂದಿಕೊಂಡು ಎಲ್ಲ ಕಡೆಯಿಂದಲೂ ತಬ್ಬಿಕೊಳ್ಳುತ್ತದೆ. ಈ ವಿದ್ಯೆಯನ್ನು ನಮ್ಮ ಮನೆಗೆ ಕಲಿಸಿದವನು ಸ್ಪೇನ್ ದೇಶದ ಒಬ್ಬ ಫುಟ್‌ಬಾಲ್ ಆಟಗಾರ. ತನ್ನ ಮನೆಯ ಸೋಫಾದ ಮೇಲೆ ಕಾಲು ಚಾಚಿ, ಮೇಲೊಂದು ಬಟಾಣಿ ಚೀಲ ಇಟ್ಟುಕೊಂಡು ಅವನು ಮಾಡಿದ್ದ ವಿಡಿಯೋ ಒಂದಿತ್ತು. ಹಿಂದುಗಡೆ ಅವನ ಅಮ್ಮ ಸ್ಪ್ಯಾನಿಷಿನಲ್ಲಿ ಏನೋ ಬಯ್ಯುತ್ತಿದ್ದಳು. ಭಾಷೆ ಬರದಿದ್ದರೂ ನನಗೂ ನನ್ನ ಅತ್ತೆಗೂ ಅರ್ಥವಾಯಿತು, ಅಡುಗೆಗೆ ತಂದದ್ದನ್ನು ಕಾಲಿಗೆ ಇಟ್ಟುಕೊಂಡದ್ದಕ್ಕೆ.

ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಸ್ಪೇನಿನವರ ಹೆಸರಿಗೆ ಅಪ್ಪನದೊಂದು ಅಮ್ಮನದೊಂದು ಬಾಲ. ಅತ್ತೆಗೆ ನಾಲಿಗೆ ಹೊರಳಲಿಲ್ಲ. ಮೈದಾನಕ್ಕೆ ಇಳಿಯುವ ಮೊದಲು ಹುಲ್ಲು ಮುಟ್ಟಿ ಆ ಕೈಯನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದ ಅವನನ್ನು ಕಂಡ ಮೊದಲ ದಿನವೇ, "ನೋಡು, ನೆಲಕ್ಕೆ ನಮಸ್ಕಾರ ಮಾಡಿ ಹೋಗ್ತಾನೆ. ನಮ್ಮ ಕಿಟ್ಟನ ಹಾಗೆ ಉಂಟು ಮೋರೆ" ಅಂದರು. ಉಡುಪಿಯವರಿಗೆ ಮುದ್ದು ಬಂದ ಗಂಡುಮಕ್ಕಳೆಲ್ಲ ಕೃಷ್ಣನೇ. ಅಂದಿನಿಂದ ಯೂನಿಯನ್ ಸಿಟಿಯ ನಮ್ಮ ಮನೆಯಲ್ಲಿ ಅವನು ಕಿಟ್ಟ.

ಫುಟ್‌ಬಾಲಿನ ವಿಷಯದಲ್ಲಿ ನಾನು ಶುದ್ಧ ದಡ್ಡಿ. ನಾನು ಬೆಳೆಯುವಾಗ ಅಣ್ಣಂದಿರು ಆಡುತ್ತಿದ್ದುದು ಕ್ರಿಕೆಟ್ಟು, ನನ್ನ ಪಾಲಿಗೆ ಬಂದಿದ್ದು ಗದ್ದೆ ಬದಿಯ ನೀರಿನ ತೋಡಿಗೆ ಬಿದ್ದ ಚೆಂಡನ್ನು ಹೆಕ್ಕುವ ಉದ್ಯೋಗ. ಜಾರಿ ಬಿದ್ದು ಮೊಣಕಾಲು ತರಚಿಕೊಂಡರೆ ಅಮ್ಮ ಬೇಲಿಯ ಬದಿಯಿಂದ ಕಮ್ಯುನಿಸ್ಟ್ ಸೊಪ್ಪು ಕಿತ್ತು ಅಂಗೈಯಲ್ಲಿ ಹೊಸಕಿ ರಸ ಹಿಂಡುತ್ತಿದ್ದಳು. ಪಾಪದ ಗಿಡಕ್ಕೆ ಆ ಹೆಸರು ಯಾಕೆ ಬಂತೋ, ಹೇಳದೆ ಕೇಳದೆ ಎಲ್ಲ ಕಡೆ ಹಬ್ಬುತ್ತದೆ ಎಂದಿರಬೇಕು. ಉರಿಗೆ ಅಂಗಳದ ತುಂಬ ಕುಣಿದು, ಮಾರನೆಯ ದಿನ ಮತ್ತೆ ತೋಡಿಗೆ ಇಳಿಯುತ್ತಿದ್ದೆ. ಮೊಣಕಾಲು ಎಂದರೆ ಮೇಲೆ ಚರ್ಮ, ಕೆಳಗೆ ಮೂಳೆ, ಅಷ್ಟೇ ಎಂದುಕೊಂಡು ನಲವತ್ತು ದಾಟುವ ತನಕ ಸುಖವಾಗಿದ್ದೆ. ಅದರೊಳಗೆ ಕಿರುಬೆರಳಿನಷ್ಟು ಒಂದು ನಾರಿದೆ, ಅದೊಂದು ಹರಿದರೆ ಮನುಷ್ಯನ ಆಯುಷ್ಯದ ದಿಕ್ಕೇ ಬದಲಾಗುತ್ತದೆ ಎಂದು ನನಗೆ ಗೊತ್ತಾದದ್ದು ಕಿಟ್ಟನಿಂದ.

ಕಿಟ್ಟ ವಿಂಗರ್. ಎಂದರೆ ಮೈದಾನದ ಅಂಚಿನಲ್ಲಿ, ಸುಣ್ಣದ ಗೆರೆಯ ಪಕ್ಕದಲ್ಲಿ ಚೆಂಡು ಹೊಡೆದುಕೊಂಡು ಓಡುವವನು. ಓಡುವವರು ಬೇಕಾದಷ್ಟು ಜನ. ಇವನ ವಿದ್ಯೆ ಬೇರೆ ಇತ್ತು. ಬಾಣದ ಹಾಗೆ ಓಡುತ್ತಿದ್ದವನು ಗಕ್ಕನೆ ನಿಂತುಬಿಡುತ್ತಿದ್ದ. ಜೊತೆಗೆ ಓಡಿ ಬರುತ್ತಿದ್ದ ಎದುರಾಳಿ ನಿಲ್ಲಲಾಗದೆ ಮುಂದಕ್ಕೆ ಹೋಗಿ, ತಿರುಗಿ ನೋಡುವಷ್ಟರಲ್ಲಿ ಕಿಟ್ಟ ಒಳಗಿನಿಂದ ಹಾದು ಹೋಗಿ ಆಗಿರುತ್ತಿತ್ತು. ಅಷ್ಟೇ ಅವನ ಬಂಡವಾಳ. ಅವನು ಮಾಡುವುದು ಅದೇ ಎಂದು ಎದುರಾಳಿಗೆ ಗೊತ್ತು, ಸ್ಟೇಡಿಯಮ್ಮಿಗೆಲ್ಲ ಗೊತ್ತು, ದೋಸೆ ಕಾವಲಿಯ ಮುಂದೆ ನಿಂತ ನನಗೂ ಗೊತ್ತು. ಆದರೂ ಪ್ರತಿ ಸಲವೂ ಅವರು ಮುಂದಕ್ಕೆ ಹೋಗಿ ಮುಗ್ಗರಿಸುತ್ತಿದ್ದರು. ಅತ್ತೆ ಚಪ್ಪಾಳೆ ತಟ್ಟಿ, "ಹೋದ ನೋಡು ಮಾರಾಯ್ತಿ ಆ ಉದ್ದದವ!" ಎಂದು ಮಗುವಿನ ಹಾಗೆ ನಗುತ್ತಿದ್ದರು.

ಸ್ಪೇನಿನಲ್ಲಿ ಸಂಜೆಯಾಗುವಾಗ ನಮಗೆ ಶನಿವಾರದ ಬೆಳಗು. ಹಾಗಾಗಿ ನಮ್ಮ ಮನೆಯಲ್ಲಿ ಫುಟ್‌ಬಾಲೂ ದೋಸೆಯೂ ಒಟ್ಟಿಗೇ. ಮೇಧಾ ಆಗಿನ್ನೂ ಮಿಡ್ಲ್ ಸ್ಕೂಲು. ಅವಳೂ ವಿಂಗರ್. ದಕ್ಷಿಣ ಸ್ಪೇನಿನ ಮೀನುಗಾರರ ಊರೊಂದರಲ್ಲಿ ಹುಟ್ಟಿ, ಅಪ್ಪ ಓಡಿಸುತ್ತಿದ್ದ ಬಸ್ಸಿನಲ್ಲೇ ಪ್ರಾಕ್ಟೀಸಿಗೆ ಹೋಗಿ, ಮೀಸೆ ಮೂಡುವ ಮೊದಲೇ ಊರಿನ ತಂಡಕ್ಕೆ ಇಳಿದು, ಇಪ್ಪತ್ತು ತುಂಬುವುದರೊಳಗೆ ದೊಡ್ಡ ಕ್ಲಬ್ಬಿನ ಅಂಗಿ ತೊಟ್ಟ ಕಿಟ್ಟನ ಪುರಾಣ ಅವಳಿಗೆ ಬಾಯಿಪಾಠ. ಮಗ್ಗಿ ಬರುತ್ತಿರಲಿಲ್ಲ, ಅದು ಬೇರೆ ಮಾತು. ದೋಸೆ ತಿಂದ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಡ್ರೈವ್‌ವೇಗೆ ಓಡಿ, ಓಡಿ ಓಡಿ ಗಕ್ಕನೆ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದಳು. ಎದುರಾಳಿಯ ಜಾಗದಲ್ಲಿ ಕಸದ ಡಬ್ಬ. ಕೆಲವೊಮ್ಮೆ ನನ್ನ ಗಂಡ. ಇವರು ನಿಜವಾಗಿಯೂ ಮುಗ್ಗರಿಸಿ ನೆರೆಮನೆಯವರ ಗುಲಾಬಿ ಪೊದೆಗೆ ಬಿದ್ದ ಮೇಲೆ ಕಸದ ಡಬ್ಬವೇ ಕಾಯಂ ಆಯಿತು.

ಮೊದಲನೆಯ ಸಲ ಕಿಟ್ಟನ ಕಾಲು ಹೋದದ್ದು ಅಂಥದೇ ಒಂದು ಶನಿವಾರ. ಓಡಿದ, ನಿಂತ, ಉದ್ದದವ ಮುಂದಕ್ಕೆ ಹೋದ. ಕಿಟ್ಟ ಹೊರಡಲಿಲ್ಲ. ನಿಂತಲ್ಲೇ, ಜಗಲಿಯ ಮೇಲೆ ಕೂರುವ ಹಾಗೆ, ಮೆಲ್ಲಗೆ ನೆಲಕ್ಕೆ ಕೂತ. ಬಿದ್ದಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ.

"ಯಾರೂ ತಾಗಲೇ ಇಲ್ಲ ಅಲ್ವಾ? ಯಾಕೆ ಕೂತದ್ದು?" ಎಂದರು ಅತ್ತೆ.

ಟೀವಿಯವರು ಅದನ್ನೇ ನಿಧಾನ ಮಾಡಿ, ಹತ್ತಿರ ತಂದು, ಮತ್ತೆ ಮತ್ತೆ ತೋರಿಸಿದರು. ಮೊಣಕಾಲು ಒಂದು ಕಡೆಗೆ, ಪಾದ ಒಂದು ಕಡೆಗೆ. "ಸಾಕು ಮಾಡ್ಲಿಕ್ಕೆ ಹೇಳು ಮಾರಾಯ್ತಿ, ಅವನ ಅಮ್ಮ ನೋಡುದಿಲ್ವಾ ಇದನ್ನ" ಎಂದು ಅತ್ತೆ ಮುಖ ತಿರುಗಿಸಿದರು. ಕಾವಲಿಯ ಮೇಲಿನ ದೋಸೆ ಕರಟಿ ಹೊಗೆ ಅಲಾರಮ್ಮು ಕೂಗತೊಡಗಿತು. ಮೇಧಾ ಅಳುತ್ತಾ ಪೊರಕೆಯ ಹಿಡಿಯಿಂದ ಅದನ್ನು ಒತ್ತಿ ನಿಲ್ಲಿಸಿದಳು.

ಅವತ್ತೇ ಅತ್ತೆ ಹರಕೆ ಹೊತ್ತರು. ನಮ್ಮ ಕಡೆ ಕಣ್ಣಿನ ತೊಂದರೆಗೆ ಬೆಳ್ಳಿಯ ಕಣ್ಣು, ಕೈಯ ತೊಂದರೆಗೆ ಬೆಳ್ಳಿಯ ಕೈ, ಹೀಗೆ ಗುಣವಾದ ಮೇಲೆ ದೇವರಿಗೆ ಒಪ್ಪಿಸುವುದುಂಟು. ಸ್ನಾನ ಮಾಡಿ ಬಂದು, ಅರಸಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ಕ್ವಾರ್ಟರ್ ನಾಣ್ಯ ಕಟ್ಟಿ, ದೇವರ ಮುಂದಿಟ್ಟು, ಕಿಟ್ಟ ಮೊದಲಿನ ಹಾಗೆ ಓಡಿದರೆ ಊರಿನ ದೇವಸ್ಥಾನಕ್ಕೆ ಬೆಳ್ಳಿಯ ಕಾಲು ಎಂದು ಕೈಮುಗಿದರು. ಅತ್ತೆಯ ಹರಕೆಯಲ್ಲಿ ಯಾವತ್ತೂ ಸಂದಿಗೊಂದಿ ಇರುವುದಿಲ್ಲ. ಬೇಕಾದದ್ದೇನು, ಕೊಡುವುದೇನು, ಯಾವಾಗ ಕೊಡುವುದು, ಎಲ್ಲ ದೇವರಿಗೆ ಬಿಡಿಸಿ ಹೇಳುತ್ತಾರೆ. ದೇವರಿಗೂ ಅನುಮಾನ ಇರಬಾರದು, ತಮಗೂ ಇರಬಾರದು.

ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಇಲ್ಲಿಯ ದೇವಸ್ಥಾನಕ್ಕೆ ಹೋಗಿ ಕಿಟ್ಟನ ಹೆಸರಿನಲ್ಲಿ ಅರ್ಚನೆಗೆ ನಿಂತರು. ಅರ್ಚಕರು ಎಂದಿನಂತೆ ಕೇಳಿದರು: "ಗೋತ್ರ?"

ಅತ್ತೆ ಒಂದು ಗಳಿಗೆ ತಡವರಿಸಿ, "ಗೊತ್ತಿಲ್ಲದವರಿಗೆ ಕಾಶ್ಯಪ ಅಲ್ವಾ? ಅದನ್ನೇ ಹೇಳಿ" ಎಂದರು.

"ನಕ್ಷತ್ರ?"

ಮೇಧಾ ಫೋನು ತೆಗೆದು ಕಿಟ್ಟನ ಹುಟ್ಟಿದ ದಿನ, ಹುಟ್ಟಿದ ಊರು ಎಲ್ಲ ಹಾಕಿ ಲೆಕ್ಕ ತೆಗೆದಳು. ಹುಟ್ಟಿದ ಗಳಿಗೆ ಯಾರಿಗೆ ಗೊತ್ತು? ಮಧ್ಯಾಹ್ನ ಎಂದು ಹಿಡಿದದ್ದಕ್ಕೆ ಸ್ವಾತಿ ಬಂತು. ಹೆಸರಿನ ಹತ್ತಿರ ಬಂದಾಗ ಅತ್ತೆ "ಕೃಷ್ಣ" ಎನ್ನಹೊರಟರೆ ಮೇಧಾ ಬಿಡಲಿಲ್ಲ. "ನೋ ಅಜ್ಜೀ, ಗಾಡ್ ಬೇರೆ ಕೃಷ್ಣಗೆ ಕೊಟ್ಟುಬಿಟ್ರೆ?" ಎಂದು ತಾನೇ ಮುಂದೆ ಬಂದು ಬಾಲಸಮೇತ ಪೂರ್ತಿ ಹೆಸರು ಹೇಳಿದಳು. ಅರ್ಚಕರು ಮುಖದ ಒಂದು ಗೆರೆಯೂ ಅಲುಗದಂತೆ, ಕಾಶ್ಯಪ ಗೋತ್ರದಲ್ಲಿ ಹುಟ್ಟಿದ, ಸ್ವಾತಿ ನಕ್ಷತ್ರದಲ್ಲಿ ಜನಿಸಿದ ಆ ಸ್ಪೇನಿನ ಬಸ್ ಡ್ರೈವರನ ಮಗನಿಗೆ ಸಂಸ್ಕೃತದ ವಿಭಕ್ತಿ ಹಚ್ಚಿ ಆಯುರಾರೋಗ್ಯ ಬೇಡಿದರು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದೆ. ಅತ್ತೆಯ ಕಣ್ಣಿನಲ್ಲಿ ನೀರಿತ್ತು, ಅದನ್ನು ನೋಡಿ ನಗು ಅಲ್ಲೇ ಇಂಗಿತು.

ವರ್ಷದ ಮೇಲೆ ಅವನು ಮರಳಿದ. ಊರಿಗೆ ಹೋಗಿದ್ದ ಅತ್ತೆ ಅಷ್ಟರೊಳಗೆ ಬೆಳ್ಳಿಯ ಕಾಲನ್ನು ಮಾಡಿಸಿಯೇ ತಂದಿದ್ದರು. ತೆಳ್ಳಗಿನ ತಗಡು, ಮುಂಗೈಯಷ್ಟು ಉದ್ದ. ಮೇಧಾ ಅದನ್ನು ಹಿಡಿದು, "ಅಜ್ಜೀ, ಇದು ಎಡಗಾಲು. ಅವನದು ರೈಟು" ಎಂದು ಗಾಬರಿಯಾದಳು. ಅತ್ತೆ ತಗಡನ್ನು ಮಗುಚಿ ಹಾಕಿ, "ಈಗ?" ಎಂದರು. ಅದು ದೇವರಕೋಣೆಯ ಕಪಾಟಿನಲ್ಲಿ ಕೂತಿತು, ಮುಂದಿನ ಸಲ ಊರಿಗೆ ಹೋಗುವಾಗ ಒಪ್ಪಿಸುವುದೆಂದು. ಆದರೆ ಮುಂದಿನ ಸಲ ಬರುವುದರೊಳಗೆ ಕಿಟ್ಟ ತೊಡೆಯ ಸ್ನಾಯು ಎಳೆದುಕೊಂಡ. ಅದು ಸರಿಹೋಗಿ ನಾಲ್ಕು ಆಟ ಆಡುವುದರೊಳಗೆ ಮೊಣಕಾಲು ಮತ್ತೆ ಹೋಯಿತು, ಅದೇ ಕಾಲು, ಅದೇ ನಾರು. ಅತ್ತೆ ಕಪಾಟಿನ ಬಾಗಿಲು ತೆರೆದು ಆ ಕಾಲನ್ನು ನೋಡಿ, ಮತ್ತೆ ಮುಚ್ಚಿದರು.

ಆಮೇಲಿನದು ಹೇಳುವುದಕ್ಕೆ ಬೇಜಾರಿನ ಕಥೆ. ದೊಡ್ಡ ಕ್ಲಬ್ಬು ಅವನನ್ನು ಒಂದು ವರ್ಷ ಇಂಗ್ಲೆಂಡಿಗೆ ಕಳಿಸಿತು. ಅಲ್ಲಿಯ ಚಳಿಗೆ ಅವನ ತೊಡೆ ಒಗ್ಗಲಿಲ್ಲ. ಆಮೇಲೆ ಮಾರಿತು. ಕೊಂಡವರೂ ಮಾರಿದರು. ಪ್ರತಿ ಸಲ ಹೊಸ ಬಣ್ಣದ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ನಗುವ ಒಂದು ಫೋಟೋ. "ಇವನಿಗೆ ನಿಮ್ಮ ಮಾವನ ಹಾಗೆ ವರ್ಗ ಜಾಸ್ತಿ" ಎನ್ನುತ್ತಿದ್ದರು ಅತ್ತೆ. ಮಾವ ಬ್ಯಾಂಕಿನಲ್ಲಿದ್ದವರು, ಹಾಸಿಗೆ ಬಿಚ್ಚುವುದರೊಳಗೆ ಕಟ್ಟಿಕೊಂಡು ಹೊರಡುತ್ತಿದ್ದವರು. ಟೀವಿಯಲ್ಲಿ ಮಾತಾಡುವವರು ಕಿಟ್ಟನಿಗೆ ಗಾಜಿನ ಕಾಲಿನವನೆಂದು ಹೆಸರಿಟ್ಟರು. ಅದನ್ನು ಕೇಳಿದ ದಿನ ಮೇಧಾ ರಿಮೋಟನ್ನು ಸೋಫಾಕ್ಕೆ ಎಸೆದು, "ದೇ ಡೋಂಟ್ ಗೆಟ್ ಟು ಸೇ ದಟ್!" ಎಂದು ಕೂಗಿದ್ದು ನನಗೆ ನೆನಪಿದೆ. ಆಗ ಅವಳದೂ ಮೊದಲನೆಯ ಸಲ ಆಗಿತ್ತು.

ಹೌದು, ಅದನ್ನು ಹೇಳಬೇಕು. ಬಟಾಣಿಯಿಂದ ಶುರುಮಾಡಿ ಇಷ್ಟು ದೂರ ಸುತ್ತಿದ್ದು ಅದನ್ನು ಹೇಳಲು ಮನಸ್ಸಿಲ್ಲದೆ.

ಮಾರ್ಗನ್ ಹಿಲ್‌ನಲ್ಲಿ ಟೂರ್ನಮೆಂಟು. ಹೈಸ್ಕೂಲಿನ ಮೂರನೆಯ ವರ್ಷ, ಕಾಲೇಜುಗಳ ಕೋಚುಗಳು ತಮ್ಮ ತಂಡಕ್ಕೆ ಹುಡುಗಿಯರನ್ನು ಆರಿಸಲು ಬಂದು ಮಡಚುಕುರ್ಚಿಯಲ್ಲಿ ಕೂತು ನೋಡುವ ವರ್ಷ. ಅವರಲ್ಲೊಬ್ಬಾಕೆ ಮೇಧಾಗೆ ಆಗಲೇ ಎರಡು ಸಲ ಫೋನು ಮಾಡಿ ಮಾತಾಡಿದ್ದಳು. ಬೆಟ್ಟಗಳೆಲ್ಲ ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದ್ದವು, ಬಿಸಿಲು ಚುರುಗುಟ್ಟುತ್ತಿತ್ತು. ನಾನು ತಂಡದ ಹುಡುಗಿಯರಿಗೆಂದು ಕಿತ್ತಳೆ ಹೋಳು ಮಾಡುತ್ತಿದ್ದೆ. ಅತ್ತೆ ಸೀರೆಯ ಮೇಲೆ ನನ್ನ ಆಫೀಸಿನ ಜಾಕೆಟ್ಟು ತೊಟ್ಟು, ತಲೆಗೆ ಮೇಧಾಳ ಟೋಪಿ ಇಟ್ಟುಕೊಂಡು ಪಕ್ಕದಲ್ಲಿದ್ದರು. ನನ್ನ ಮಗಳು ಗೆರೆಯ ಪಕ್ಕದಲ್ಲಿ ಓಡುತ್ತಾ ನಮ್ಮ ಮುಂದೆಯೇ ಬಂದಳು. ನಿಂತಳು. ಎದುರಾಳಿ ಹುಡುಗಿ ಮುಂದಕ್ಕೆ ಹೋದಳು. ನಾನು ಕಿತ್ತಳೆಯ ಕಡೆ ನೋಡಿದೆ, ಮುಂದಿನದು ಗೊತ್ತಿದ್ದದ್ದೇ ಎಂಬ ಧೈರ್ಯದಲ್ಲಿ. ಅಷ್ಟರಲ್ಲಿ ಅತ್ತೆ ಊರುಗೋಲಿಲ್ಲದೆ ಎದ್ದು ನಿಂತರು.

"ಕಿಟ್ಟ ಕೂತ ಹಾಗೆ ಕೂತಳು" ಎಂದರು.

ಆಪರೇಷನ್ನು ಆಯಿತು. ಮೇಧಾ ಅಳಲಿಲ್ಲ. ಕಿಟ್ಟನೂ ಆಗ ಎರಡನೆಯ ಆಪರೇಷನ್ ಮುಗಿಸಿ ಮನೆಯಲ್ಲಿದ್ದ. ದಿನಾ ತನ್ನ ವ್ಯಾಯಾಮದ ವಿಡಿಯೋ ಹಾಕುತ್ತಿದ್ದ. ಇವಳು ಫೋನನ್ನು ಕುಕ್ಕರಿಗೆ ಒರಗಿಸಿಟ್ಟು, ಅಡುಗೆಮನೆಯ ನೆಲದಲ್ಲಿ ಮಲಗಿ, ಅವನು ಕಾಲೆತ್ತಿದಾಗ ಕಾಲೆತ್ತಿ, ಅವನು ಹಲ್ಲು ಕಚ್ಚಿದಾಗ ಹಲ್ಲು ಕಚ್ಚುತ್ತಿದ್ದಳು. ಒಗ್ಗರಣೆ ಹಾಕಬೇಕಾದರೆ ನಾನು ಅವಳನ್ನು ದಾಟಿ ಹೋಗಬೇಕಿತ್ತು. ಮಕ್ಕಳನ್ನು ದಾಟಿದರೆ ಬೆಳೆಯುವುದಿಲ್ಲ ಎಂಬ ಹಳೆಯ ಮಾತು ನೆನಪಾಗಿ ಸುತ್ತಿಕೊಂಡೇ ಹೋಗುತ್ತಿದ್ದೆ. ಆ ಕೋಚಿನ ಫೋನು ಮತ್ತೆ ಬರಲಿಲ್ಲ.

ಅತ್ತೆ ಇನ್ನೊಂದು ನಾಣ್ಯ ಕಟ್ಟಿದರು. ನನ್ನ ಮಗು ಮೊದಲಿನ ಹಾಗೆ ಓಡಬೇಕು, ಆಮೇಲೆ ಬೆಳ್ಳಿಯ ಕಾಲು. ಕಪಾಟಿನಲ್ಲಿ ಕಿಟ್ಟನ ಕಾಲಿನ ಪಕ್ಕ, ಊರಿನಿಂದ ತರಿಸಿದ ಮೇಧಾಳ ಕಾಲು ಬಂದು ಕೂತಿತು. ಅಂಗಡಿಯವನ ಅಚ್ಚು ಒಂದೇ ಆದ್ದರಿಂದ ಎರಡೂ ಒಂದೇ ಅಳತೆ.

ಅವಳು ಒಂದು ಸಲ ಮರಳಿ ಆಡಿದಳು. ಕೆಲವು ವಾರ. ಮತ್ತೆ ಹೋಯಿತು.

ಎರಡನೆಯ ಆಪರೇಷನ್ ಮಾಡಿದ ಡಾಕ್ಟರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡುವವರಲ್ಲ. ಕಾಲೇಜಿನ ಮೊದಲ ವರ್ಷ ಮುಗಿಯುತ್ತಾ ಬಂದಾಗ, ಈ ಬೇಸಿಗೆಯ ಕೊನೆಗೆ ಅಲ್ಲಿಯ ತಂಡದ ಆಯ್ಕೆಗೆ ಹೋಗಬಹುದೇ ಎಂದು ಮೇಧಾ ಅವರನ್ನೇ ಕೇಳಿದಳು. ನಾನೂ ಅತ್ತೆಯೂ ಜೊತೆಗಿದ್ದೆವು. ಅವರು ಸ್ಕ್ಯಾನು ತೋರಿಸಿದರು. ನಾರು ಗಟ್ಟಿಯಾಗಿದೆ, ಆದರೆ ಮೂಳೆಗಳ ನಡುವಿನ ಮೆತ್ತೆ ಸವೆದಿದೆ. "ಆಡಬಹುದು. ನಾನು ಬೇಡ ಅನ್ನೋದಿಲ್ಲ. ಇನ್ನೊಂದು ಸಲ ಹೋದರೆ ಮಾತ್ರ ಮೂವತ್ತಕ್ಕೆ ನಿನ್ನ ಅಜ್ಜಿಯ ಹಾಗೆ ನಡೀಬೇಕಾದೀತು" ಎಂದರು. ಮೂಲೆಯ ಕುರ್ಚಿಯಲ್ಲಿ ಊರುಗೋಲಿನ ಮೇಲೆ ಗದ್ದ ಊರಿಕೊಂಡಿದ್ದ ಅತ್ತೆ, ತಮ್ಮ ಕಡೆ ಕೈ ತೋರಿಸಿದ್ದು ಯಾಕೆಂದು ತಿಳಿಯದೆ, ಡಾಕ್ಟರಿಗೆ ನಮಸ್ಕಾರ ಮಾಡಿದರು.

ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಇವರದು ಒಂದೇ ಮಾತು, ಬೇಡ. "ಕಾಲು ದೊಡ್ಡದಾ, ಬಾಲ್ ದೊಡ್ಡದಾ?" ನಾನು ಬೇಡ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಪ್ಲೆಸೆಂಟನ್ನಿನ ನನ್ನ ಆಫೀಸಿಗೆ ಹೋಗುವ ಫ್ರೀವೇಯಲ್ಲಿ ದಿನಾ ಟ್ರಾಫಿಕ್ಕು ನಿಂತಾಗ ಒಬ್ಬಳೇ ಎರಡೂ ಪಕ್ಷದ ವಾದ ಮಾಡಿ, ದಿನಾ ತೀರ್ಪನ್ನು ಮುಂದೂಡಿ, ಮೀಟಿಂಗಿಗೆ ತಡವಾಗಿ ಹೋಗುತ್ತಿದ್ದೆ. ಮೇಧಾ ಮಾತ್ರ, "ಲೆಟ್ಸ್ ಸೀ ವಾಟ್ ಕಿಟ್ಟ ಡಸ್" ಎಂದಿದ್ದಳು. ಕಿಟ್ಟ ಎಲ್ಲ ಕಡೆ ಸುತ್ತಿ ತಾನು ಹುಟ್ಟಿದ ಊರಿನ ಪುಟ್ಟ ತಂಡಕ್ಕೆ ಮರಳಿದ್ದ. ಮೂವತ್ತು ದಾಟಿತ್ತು. ಮೂರನೆಯ ಆಪರೇಷನ್ ಆಗಿತ್ತು. ಈ ವಸಂತದಲ್ಲಿ ಮತ್ತೆ ಇಳಿಯುತ್ತಾನೆಂದು ಸುದ್ದಿ ಬಂತು.

ಆ ಶನಿವಾರಕ್ಕೆ ಮೇಧಾ ಕಾಲೇಜಿನಿಂದ ಮನೆಗೆ ಬಂದಳು. ನಾನು ದೋಸೆಗೆ ರುಬ್ಬಿದ್ದೆ. ಯಾರೂ ಕೇಳದಿದ್ದರೂ ಇವರೂ ಬಂದು ಸೋಫಾದ ತುದಿಯಲ್ಲಿ ಕೂತರು. ಆಟ ಮುಗಿಯುತ್ತಾ ಬಂದಾಗ ಕಿಟ್ಟ ಅಂಚಿನಲ್ಲಿ ಬಂದು ನಿಂತ. ಗಡ್ಡ ಬಿಟ್ಟಿದ್ದ, ಮುಖ ತುಂಬಿಕೊಂಡಿತ್ತು. ಬಗ್ಗಿ ಹುಲ್ಲು ಮುಟ್ಟಿದ. ಊರಿಗೆ ಊರೇ ಎದ್ದು ನಿಂತಿತು. ನಾನೂ ಒಲೆ ಆರಿಸಿ ಬಂದು ನಿಂತೆ, ಹೇಳುವುದಕ್ಕೇನು ನಾಚಿಕೆ.

ಚೆಂಡು ಬಂತು. ಓಡಿದ. ಗಕ್ಕನೆ ನಿಂತ.

ಎದುರಾಳಿಯೂ ನಿಂತ. ಅವನೊಬ್ಬ ಚಿಕ್ಕ ವಯಸ್ಸಿನವನು. ಮುಗ್ಗರಿಸಲಿಲ್ಲ, ಮುಂದಕ್ಕೆ ಹೋಗಲಿಲ್ಲ. ಕಿಟ್ಟನ ಕಾಲಿನಿಂದ ಚೆಂಡನ್ನು, ಮೇಜಿನ ಮೇಲಿನ ಲೋಟ ತೆಗೆದುಕೊಳ್ಳುವ ಹಾಗೆ, ಸುಮ್ಮನೆ ತೆಗೆದುಕೊಂಡು ಹೋದ. ಇನ್ನೊಂದು ಸಲವೂ ಹಾಗೇ ಆಯಿತು. ಅವನ ಕಾಲಿಗೆ ಏನೂ ಆಗಿರಲಿಲ್ಲ. ನೋವಿಲ್ಲ, ಕುಂಟಿಲ್ಲ. ಆಟ ಮುಗಿಯುವ ತನಕ ಓಡಿದ. ಅವನು ಬರೀ ಓಡುತ್ತಿದ್ದ, ಯಾರು ಬೇಕಾದರೂ ಓಡುವ ಹಾಗೆ. ಜನ ಮಾತ್ರ ಪ್ರತಿ ಸಲ ಅವನು ಚೆಂಡು ಕಳಕೊಂಡಾಗಲೂ ಚಪ್ಪಾಳೆ ತಟ್ಟಿದರು.

"ಅಮ್ಮಾ," ಅಂದಳು ಮೇಧಾ, ಟೀವಿಯಿಂದ ಕಣ್ಣು ತೆಗೆಯದೆ. "ದೇ ಆರ್ ಬೀಯಿಂಗ್ ನೈಸ್ ಟು ಹಿಮ್."

ಪಾಪ ಎಂದು ಚಪ್ಪಾಳೆ ತಟ್ಟಿಸಿಕೊಳ್ಳುವುದಕ್ಕಿಂತ ದೊಡ್ಡ ಗಾಯ ಆಟಗಾರನಿಗೆ ಇಲ್ಲ ಎಂದು ನನ್ನಂಥ ದಡ್ಡಿಗೂ ಆ ಗಳಿಗೆಯಲ್ಲಿ ತಿಳಿಯಿತು. ಅವನು ಮತ್ತೆ ಕುಸಿದು ಕೂತಿದ್ದರೆ ಅವಳು ಇನ್ನೂ ಹತ್ತು ವರ್ಷ ಅವನಿಗಾಗಿ ಜಗಳವಾಡುತ್ತಿದ್ದಳೇನೋ. ಗುಣವಾದ ಕಿಟ್ಟನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತ್ತು.

ಅತ್ತೆಗೆ ಮಾತ್ರ ಹಿಡಿಸಲಾರದ ಸಂತೋಷ. ಕಣ್ಣು ಮಂಜು, ಚೆಂಡು ಯಾರ ಹತ್ತಿರ ಇದೆ ಎಂದು ಅವರಿಗೆ ಈಗೀಗ ಕಾಣುವುದಿಲ್ಲ. "ನೋಡು, ಓಡಿದ! ಎಷ್ಟು ಓಡಿದ! ಏನೂ ಆಗ್ಲಿಲ್ಲ. ಇನ್ನು ತಡ ಮಾಡುದು ಬೇಡ, ಕಿಟ್ಟನ ಕಾಲು ಈ ಸಲ ಊರಿಗೆ ತಕೊಂಡು ಹೋಗಿ ಒಪ್ಪಿಸಿ ಬಾ ನೀನು" ಎಂದು ನನಗೆ ಹೇಳಿ, ಊರುಗೋಲು ಹಿಡಿದು ದೇವರಕೋಣೆಗೆ ಹೋಗಿ, ಆ ಬೆಳ್ಳಿಯ ತಗಡನ್ನು ಸೆರಗಿನಿಂದ ಒರೆಸುತ್ತಾ ಬಂದರು.

ಮೇಧಾ ಎದ್ದು ಅಜ್ಜಿಯ ಮುಂದೆ ಹೋಗಿ ನಿಂತಳು. ದೊಡ್ಡವಳಾದ ಮೇಲೆ ಅವಳು ಕನ್ನಡ ಆಡುವುದು ಅಪರೂಪ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಆದರೆ ಅಜ್ಜಿಗೆ ಅರ್ಥವಾಗಲೇಬೇಕೆಂದು, ಒಂದೊಂದೇ ಪದ ಹುಡುಕಿ ಹೇಳಿದಳು.

"ಅಜ್ಜೀ, ನಂದೂ ಕೊಡಿ."

"ನಿಂದು ಈಗ ಎಂತಕ್ಕೆ ಮಗಾ? ನೀನು ಇನ್ನು ಆಡ್ಲಿಕ್ಕುಂಟಲ್ಲ."

"ಇಲ್ಲ ಅಜ್ಜೀ. ನಾನು ಆಡಲ್ಲ. ನಡೀತೀನಲ್ಲ, ಸಾಕು. ಸ್ಟೆಪ್ಸ್ ಹತ್ತುತೀನಿ. ಕಾಲು ಸರಿ ಇದೆ. ಕೊಟ್ಟುಬಿಡಿ."

ಸೋಫಾದ ತುದಿಯಲ್ಲಿ ಇವರು ಸಣ್ಣಗೆ ಉಸಿರು ಬಿಟ್ಟರು. ತಿಂಗಳಿನಿಂದ ಕಾದಿದ್ದ ಮಾತು ಅದು. ನಾನೂ ಒಳಗೊಳಗೆ ಕಾದಿದ್ದೆನೋ ಏನೋ. ಆದರೆ ಆ ಉಸಿರು ಕೇಳಿ ನನಗೆ ತಡೆಯಲಾರದ ಸಿಟ್ಟು ಬಂತು. ಮನೆಯಲ್ಲಿ ಒಂದು ಜೀವ ಹೋದ ಹೊತ್ತಿಗೆ ಸದ್ಯ ಎಂದವರ ಮೇಲೆ ಬರುವಂಥ ಸಿಟ್ಟು.

ಅತ್ತೆ ಮೊಮ್ಮಗಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನಾನು ನಡೀಲಿಕ್ಕೆ ಅಂತ ಕೇಳಿದ್ದಲ್ಲ ಮಗಾ. ಓಡ್ಲಿಕ್ಕೆ ಅಂತ ಕೇಳಿದ್ದು. ಮೊದಲಿನ ಹಾಗೆ ಅಂತ ಬಿಡಿಸಿ ಹೇಳಿದ್ದೆ."

ಮೇಧಾ ಇಷ್ಟು ವರ್ಷದಲ್ಲಿ ಮೊದಲನೆಯ ಸಲ ತನ್ನ ಕಾಲಿಗಾಗಿ ಅತ್ತಳು. ಅಜ್ಜಿಯ ತೊಡೆಯಲ್ಲಿ ಮುಖ ಹುದುಗಿಸಿ, ಮಾರ್ಗನ್ ಹಿಲ್‌ನಿಂದ ಹಿಡಿದು ಅಂದಿನವರೆಗಿನದ್ದನ್ನೆಲ್ಲ ಅತ್ತಳು. ಟೀವಿಯಲ್ಲಿ ಯಾರೋ ಕಿಟ್ಟನ ಕುತ್ತಿಗೆಗೆ ತಂಡದ ಬಣ್ಣದ ಶಾಲು ಹಾಕುತ್ತಿದ್ದರು. ಇವರು ಎದ್ದು ಹೋಗಿ ಆರಿಸಿದರು. ಅತ್ತೆ ಅವಳ ಬೆನ್ನು ಸವರುತ್ತಾ ಕೂತಿದ್ದರು.

ಅವಳು ಸಮಾಧಾನವಾದ ಮೇಲೆ ಅತ್ತೆ ನನ್ನನ್ನು ಕರೆದು, "ಆ ಇನ್ನೊಂದನ್ನೂ ತಕೊಂಡು ಬಾ" ಎಂದರು. ತಂದುಕೊಟ್ಟೆ. ಎರಡನ್ನೂ ಮಡಿಲಲ್ಲಿಟ್ಟುಕೊಂಡು, "ಎರಡೂ ಒಪ್ಪಿಸಿ ಬಾ" ಎಂದರು.

ದೇವರ ಹತ್ತಿರ ಯಾವತ್ತೂ ಒಂದು ಮಾತು ಹೆಚ್ಚುಕಡಿಮೆ ಮಾಡದ ಹೆಂಗಸು. ನಾನು ಕೇಳಿಯೇಬಿಟ್ಟೆ: "ಅತ್ತೆ, ಮೊದಲಿನ ಹಾಗೆ ಆಗಲಿಲ್ಲವಲ್ಲ?"

"ಆಗ್ಲಿಲ್ಲ. ದೇವರಿಗೂ ಗೊತ್ತುಂಟು, ನನಗೂ ಗೊತ್ತುಂಟು" ಎಂದರು ಅತ್ತೆ, ಮೇಧಾಳ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಾ. "ಆದರೆ ಇದು ಮನೆಯಲ್ಲಿ ಇದ್ದರೆ ಮಗು ಕಾಯ್ತಾ ಕೂರ್ತದೆ."